ಟ್ರಾಫಿಕ್ ತಪ್ಪಿಸೂ ಮಾಮಾ

ನಮ್ಮ ಮಾಮಾ ಯಾರಿಗೂ ಅಂಜೂ ಪೈಕಿ ಅಲ್ಲ ಬಿಡ್ರಿ. ಖಾನಾಪುರದ ಆಚೀಕಿನ ಕಾಡಿನ ದಾರ್ಯಾಗ ಒಮ್ಮೆ ಕರಡಿ ಅಡ್ಡ ಬಂದಾಗ ಮೋಟರ್‌ಸೈಕಲ್ ಬಂದ್ ಮಾಡಿ, "ನೀ ಮುಂದ ಹೋಗಪಾ, ನಂದೇನ ಗಡಿಬಿಡಿ ಇಲ್ಲ" ಅಂತ ಕರಡಿಗೆ ದಾರಿ ಬಿಟ್ಟಾರಂತ. ಹೇಂತಿಗೂ ಅಂಜೂದಿಲ್ಲ ಅಂತ ಹೇಳ್ಕೋತ ತಿರುಗತಾರ, ಮಾಮಿ ಹಿತ್ತಲದಾಗ ಭಾಂಡೆ ತಿಕ್ಕೂ ಹೊತ್ತಿನ್ಯಾಗ. ಇಂಥಾ ಗಂಡಸು ಈ ಜಗತ್ತಿನ್ಯಾಗ ಒಂದಕ್ಕ ಮಾತ್ರ ಅಂಜತಾರ. ಮುಂದಿನ ಗಾಡಿಯ ಹಿಂದ ಹತ್ತೂ ಕೆಂಪ ದೀಪಕ್ಕ! ಅದು ಹತ್ತಿತು ಅಂದ್ರ ಸಾಕು, ಎರಡೂ ಕೈಲೆ ಡ್ಯಾಶ್‌ಬೋರ್ಡ್ ಹಿಡಕೊಂಡು, "ಆತು, ಮುಗೀತು, ಸಿಕ್ಕೊಂಡಿವಿ" ಅಂತಾರ. ಖಾನಾಪುರದ ಬಸ್‌ಸ್ಟ್ಯಾಂಡ್ ಮುಂದ ಒಂದು ಎಮ್ಮಿ ದಾರಿ ದಾಟೂತನಕಾ ಗಾಡಿ ನಿಲ್ಲಿಸಿದಾಗ ಸುದ್ದಾ ಹಿಂಗ ಅಂದಾರ.

ನಗಬ್ಯಾಡ್ರಿ. ನಗೂದು ಆಮ್ಯಾಲೆ ಐತಿ. ಈ ಅಂಜಿಕಿಗೆ ಒಂದು ಕಾರಣಾ ಐತಿ, ಅದನ್ನ ಮೊದಲ ಹೇಳಿಬಿಡ್ತೀನಿ.

ಮಾಮಾ ಅಂದ್ರ ನಮ್ಮ ಅವ್ವನ ತಮ್ಮ. ಖಾನಾಪುರದಾಗ ಹಂಚು, ಇಟ್ಟಂಗಿ ವ್ಯಾಪಾರ ಮಾಡ್ತಾರ. ಇರಾಕಿ ಒಬ್ಬಾಕಿ ಮಗಳು, ಶೈಲಾ. ಆಕಿನ್ನ ಪುಣೆಕ್ಕ ಕೊಟ್ಟಾರ, ಮದಿವೀನೂ ಅಲ್ಲೇ ಆತು. ಹೆಣ್ಣಮಕ್ಕಳನ್ನೆಲ್ಲಾ ಹಿಂದಿನ ದಿನಾನ ಕಳಿಸಿ, ಉಳಿದ ಮಂದಿನ್ನ ಮತ್ತ ಸಾಮಾನಾ ತಗೊಂಡು ಮದಿವಿ ದಿನ ಬರ್ತೀನಿ ಅಂದಿದ್ರು ಮಾಮಾ. ಪುಣೆ ಬಾಗಲದಾಗ ಬಂದು ಟ್ರಾಫಿಕ್‌ನ್ಯಾಗ ಸಿಕ್ಕೊಂಡು ಕುಂತ್ರು. ಮುಂದ ಟ್ರಕ್, ಹಿಂದ ಬಸ್, ಎರಡೂ ಬಾಜೂಕ ಆಫೀಸಿಗೆ ಹೋಗೂ ಮಂದಿ. ಇತ್ತಾಗ ಮುಹೂರ್ತ ಮೀರಾಕತ್ತಿತು. ಹಿರ್ಯಾರು, ಇನ್ನ ಕಾಯಾಕ ಬರೂದಿಲ್ಲ ಅಂದ್ರು. ಮಾಮಾ ನಿಲ್ಲಬೇಕಾದ ಜಾಗಾದಾಗ ನಮ್ಮ ಸಣ್ಣ ಮಾಮಾನ್ನ ನಿಲ್ಲಿಸಿ ಅಕ್ಕಿಕಾಳು ಹಾಕಿ ಮದಿವಿ ಮುಗಿಸಿಬಿಟ್ರು. ಮಾಮಾ ಬಂದು ಮುಟ್ಟಿದಾಗ ಮಂದಿ ಊಟಕ್ಕ ಕುಂತಿತ್ತು. ಶೈಲಾ ಸೀರಿ ಬದಲಿಸಿ ಕುಂತಿದ್ಲು. "ಇರ್ಲಿ ಬಿಡ್ರಿ ಅಪ್ಪಾ, ಏನಾತೀಗ, ಊಟಾ ಮಾಡ್ರಿ" ಅಂತ ನಕ್ಕೋತ ಅಂದ್ಲು. ಮಾಮಾ ಊಟಾ ಮಾಡಲಿಲ್ಲ. ಬುಂದೆ ಬುಟ್ಟಿ ತಗೊಂಡು ಸಂಜೀತನಕಾ ಪಂಕ್ತಿಗೆ ನೀಡ್ಕೋತ ಅಡ್ಡಾಡಿದ್ರು. ಈಗೂ ಮದಿವಿ ಫೋಟೋ ನೋಡೂವಾಗ ಅಕ್ಕಿಕಾಳಿನ ಹಾಳಿ ಬಂತಂದ್ರ ಎದ್ದು ನೀರ ಕುಡ್ಯಾಕ ಒಳಗ ಹೋಗತಾರ.

ಅಂಥಾದ್ರಾಗ ಶೈಲಾನ ಕುಬಸ ಬಂತು. ಚೊಚ್ಚಲ ಬಸರಿಗೆ ತವರಿನವರು ಹಸರ ಸೀರಿ, ಬುತ್ತಿ ಒಯ್ದು ಉಡಿ ತುಂಬೂದು, ಗೊತ್ತಲ್ಲ? ತವರಿನವರು ಹೋಗಿ ಮುಟ್ಟಲಿಲ್ಲ ಅಂದ್ರ ಕುಬಸಕ್ಕ ಏನ ಅರ್ಥ ಐತಿ? ಶೈಲಾ ಫೋನ್ ಮಾಡಿ, "ಗುರುವಾರ ಸಂಜಿಕ ಐತ್ರಿ ಅಪ್ಪಾ, ದೀಪಾ ಹಚ್ಚೂ ಹೊತ್ತಿಗೆ" ಅಂದ್ಲು. ಮಾಮಾ ಫೋನ್ ಇಟ್ಟು ನಮ್ಮ ಅವ್ವನ ಮುಂದ ಕುಂತು ಒಂದ ಮಾತ ಅಂದ್ರು. "ಅಕ್ಕಾ, ಈ ಸಲಾನೂ ತಪ್ಪಿದ್ರ ನಾ ಆಕಿಗೆ ಮಾರಿ ತೋರಸೂದಿಲ್ಲ ನೋಡು."

ಗಾಡಿ ನಂದು, ನಡಸಾಕೀನೂ ನಾನ. ಬೆಳಗಾವ್ಯಾಗ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೀನಿ, ಅದಕ್ಕ ತಿಳೀಲಾರದ ಒಂದು ಶ್ಯಾಣೇತನಾ ಮಾಡಿದೆ. "ಮಾಮಾ, ಫೋನಿನ್ಯಾಗ ಹಾಕಿದ್ರ ಎಲ್ಲಿ ಟ್ರಾಫಿಕ್ ಐತಿ, ಎಲ್ಲಿ ಖುಲ್ಲಾ ಐತಿ, ಎಲ್ಲಾ ಹೇಳ್ತಾಳ ಆಕಿ" ಅಂದೆ.

"ಆಕಿ ಅಂದ್ರ ಯಾಕಿ?"

"ಫೋನಿನ್ಯಾಗ ಮಾತಾಡಾಕಿ."

"ಆಕಿ ಯಾರ ಪೈಕಿ?"

ಮಾಮಾನ ವಿಚಾರ ಸ್ಪಷ್ಟ ಇತ್ತು. ನಮ್ಮ ಪೈಕಿ ಅಲ್ಲದಾಕಿಗೆ ನಮ್ಮ ಮ್ಯಾಲೆ ಯಾಕ ಕಾಳಜಿ ಇರಬೇಕು? ಆಕಿ ಎಲ್ಲಾರಿಗೂ ಅದ ದಾರಿ ಹೇಳ್ತಾಳ, ಎಲ್ಲಾರೂ ಅದ ದಾರ್ಯಾಗ ಬಂದು ಕುಂದರತಾರ. ದಾರಿ ಕೇಳೂದಾದ್ರ ರಕ್ತಸಂಬಂಧದವರನ್ನ ಕೇಳಬೇಕು. ಹಿಂಗಂತ ಹೇಳಿ ಮಾಮಾ ಪುಣೆದ ದಾರಿ ತುಂಬ ಮಂದಿನ್ನ ನೇಮಿಸಿದ್ರು. ಉದ್ಯಮಬಾಗದಾಗ ಮಾಮಿ ತಂಗಿ ಮಗ. ವಡಗಾವ್ಯಾಗ ನಮ್ಮ ಬೀಗರ ಪೈಕಿ ಒಬ್ಬ ಹಿರ್ಯಾರು. ನಿಪ್ಪಾಣ್ಯಾಗ ಮಾಮಿ ಸ್ವಾದರತ್ತಿ. ಕೊಲ್ಹಾಪುರ, ಸಾತಾರಾದಾಗ ಹಿಂಗ ಯಾರರ ಒಬ್ಬರು. ಎಲ್ಲಾರಿಗೂ ಒಂದ ಕೆಲಸಾ. ಗುರುವಾರ ಮಾಮಾ ಫೋನ್ ಮಾಡಿದ ಕೂಡ್ಲೆ ದಾರಿಗೆ ಬಂದು ನಿಂತು, ಗಾಡಿ ಎಷ್ಟ ಅದಾವ ಅಂತ ಕಣ್ಣಿಲೆ ನೋಡಿ ಹೇಳೂದು. ನಿಪ್ಪಾಣಿ ಅತ್ತಿಗೆ ಕಣ್ಣ ಕಾಣೂದಿಲ್ಲ ಅಂತ ಮಾಮಿ ನೆನಪ ಮಾಡಿಕೊಟ್ಲು. "ಕಿವಿ ಚಲೋ ಅದಾವಲ್ಲ, ಹಾರ್ನ್ ಕೇಳಿ ಹೇಳ್ಲಿ" ಅಂದ್ರು ಮಾಮಾ.

ಇಷ್ಟಕ್ಕ ಬಿಟ್ರೇನು? ಉದ್ಯಮಬಾಗ ಅವರಿಗೆ ನಿದ್ದಿ ಕೆಡಿಸಿತ್ತು. ಖಾನಾಪುರದಿಂದ ಬೆಳಗಾವಿಗೆ ಹೊಕ್ಕೂವಾಗ ಮುಂಜಾನೆ ಶಿಫ್ಟಿನ ಮಂದಿ ಬೈಕ್ ಮ್ಯಾಲೆ, ಬಸ್ಸಿನ್ಯಾಗ ಒಮ್ಮೆಲೆ ಬರ್ತಾರ. ಒಂದು ದಿನ ಮಾಮಾ ಹೋಗಿ ಒಂದು ಕಾರ್ಖಾನಿ ಗೇಟಿನ ಮುಂದ ನಿಂತು, ಒಳಗ ಹೊಂಟವರನ್ನ ತಡದು ತಡದು, "ಬರೂ ಗುರುವಾರ ಒಂದೀಟ ತಡಾ ಮಾಡಿ ಬರ್ರೆಪಾ, ನಮ್ಮ ಮಗಳ ಕುಬಸ ಐತಿ" ಅಂತ ಕೈ ಮುಗದು ಹೇಳ್ಯಾರ. ಒಬ್ಬ ಹುಡುಗ ಹೆಲ್ಮೆಟ್ ತಗದು, "ಕಾಕಾ, ನಾವಂತೂ ರೆಡಿ ಅದೀವಿ, ನಮ್ಮ ಸಾಹೇಬರಿಗೆ ಅಷ್ಟ ಹೇಳಿ ಹೋಗ್ರಿ" ಅಂದನಂತ. ಮಾಮಾ ಸಾಹೇಬರನ್ನ ಭೇಟಿ ಆಗಾಕ ಹೊಂಟಿದ್ರು, ವಾಚ್‌ಮನ್ ಬಿಡಲಿಲ್ಲ.

ಮುಂದ ಗಾಡಿ ಹತ್ತೂ ತಾಲೀಮು. ನನ್ನ, ಅವ್ವನ್ನ ಖಾನಾಪುರಕ್ಕ ಕರಿಸಿದ್ರು. ಪುಣೆ ಇರೂದು ಉತ್ತರಕ್ಕ, ನಾವಿರೂದು ಬೆಳಗಾವ್ಯಾಗ. ನಾವು ದಕ್ಷಿಣಕ್ಕ ಖಾನಾಪುರಕ್ಕ ಬಂದು ಮತ್ತ ನಮ್ಮ ಮನಿ ಮುಂದಿಂದಾನ ಪುಣೆಕ್ಕ ಹೋಗಬೇಕಂತ. ಯಾಕಂದ್ರ, ಬುತ್ತಿ ತವರಿನ ಹೊಸ್ತಿಲಾ ದಾಟಬೇಕಾದ್ರ ಎಲ್ಲಾರೂ ಸಂಗಾಟ ಇರಬೇಕು. ಸರಿ, ಮಾಮಾ ಚಪ್ಪಾಳಿ ಹೊಡದ್ರು, ನಾವು ಓಡಿ ಬಂದು ಕುಂತ್ವಿ. ಮಾಮಿ ಕುಂತಾಕಿ ಇಳದು, ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ನೋಡಾಕ ಹೋದ್ಲು. ಬಂದು ಕುಂತು, ಮಸರ ಮುಚ್ಚಿಲ್ಲ ಅಂತ ಮತ್ತ ಹೋದ್ಲು. ಅಲ್ಲಿಂದ ಬಂದಾಕಿ ಕೀಲಿ ಬರೋಬ್ಬರಿ ಬಿದ್ದೈತೋ ಇಲ್ಲೋ ಅಂತ ಜಗ್ಗಿ ನೋಡಾಕ ಹೋದ್ಲು. ಮಾಮಾ, "ಮತ್ತೊಮ್ಮೆ, ಮೊದಲಿಂದ" ಅಂದ್ರು. ನಮ್ಮ ಅವ್ವಗ ಸಿಟ್ಟ ಬಂತು.

"ಲೇ ತಮ್ಮಾ, ನಾವು ಕುಬಸಕ್ಕ ಹೊಂಟೀವೋ, ಬೆಂಕಿ ಆರಸಾಕ ಹೊಂಟೀವೋ?"

ಇಷ್ಟೆಲ್ಲಾ ನಡ್ಯಾಕತ್ತಿದ್ರೂ ಮಾಮಿ ಮಾತ್ರ ಆರಾಮ ಇದ್ಲು. ಮಗಳ ಕುಬಸ ಅಂದ್ರ ತಾಯಿ ಜೀವಾ ಹೆಂಗ ಹಾರಬೇಕು? ಈಕಿ ಕರ್ಚಿಕಾಯಿಗೆ ಕೊಬ್ಬರಿ ಹೆರ್ಕೋತ, "ಆಗತೈತಿ ತಗೋರಿ, ಏನ ಗಡಿಬಿಡಿ" ಅಂತಿದ್ಲು. ನನಗ ಮಾಮಾನಕಿಂತ ಮಾಮೀದ ಜಾಸ್ತಿ ಸಿಟ್ಟ ಬರ್ತಿತ್ತು, ಖರೇ ಹೇಳ್ತೀನಿ.

ಗುರುವಾರ ನಸುಕಿನ್ಯಾಗ ಖಾನಾಪುರ ಬಿಟ್ವಿ. ಲೆಕ್ಕಾ ಸರಳ ಇತ್ತು. ಉದ್ಯಮಬಾಗದ ಶಿಫ್ಟಿಗಿಂತ ಮೊದಲ ಬೆಳಗಾವಿ ದಾಟೂದು, ಪುಣೆದಾಗ ಸಂಜಿ ಆಫೀಸ್ ಬಿಡೂದ್ರಾಗ ಶೈಲಾನ ಮನಿ ಮುಟ್ಟೂದು. ಮಾಮಾ ಮುಂದ ಕುಂತು ಫೋನ್ ಹಚ್ಚಿದ್ರು. "ದೊಡ್ಡಪ್ಪಾ, ದಾರಿ ಪೂರಾ ಖುಲ್ಲಾ ಐತ್ರಿ, ನಾಯಿ ಸುದ್ದಾ ಇಲ್ಲ" ಅಂದ ಉದ್ಯಮಬಾಗದಾಂವ. ಖರೇನ ಖುಲ್ಲಾ ಇತ್ತು. ಮಾಮಾನ ಮಾರಿ ಅರಳಿತು. ಅಷ್ಟರಾಗ ದಾರಿ ನಡಕ್ಕ ನಿಂತು ಎರಡೂ ಕೈ ಎತ್ತಿ ಗಾಡಿ ತಡದ್ರು ಇಬ್ಬರು. ಅಂವ, ಅವನ ಹೇಂತಿ.

"ಇಲ್ಲೇ ಬಾಜೂಕ ಮನಿ. ಚಾ ಕುಡದು ಹೋಗ್ರಿ."

"ಇಲ್ಲಪಾ, ಟ್ರಾಫಿಕ್ ಬರ್ತೈತಿ."

"ಅಲ್ರೀ ದೊಡ್ಡಪ್ಪಾ, ಕತ್ತಲದಾಗ ಎದ್ದು ನಿಮ್ಮ ಸಲುವಾಗಿ ದಾರ್ಯಾಗ ನಿಂತೀನಿ. ಮನಿ ಮುಂದಿಂದ ಹಂಗ ಹೊಂಟ್ರ ನನಗ ಹೆಂಗ ಅನಸಬೇಕು?"

ಈಗ ಹೇಳ್ರಿ, ಫೋನಿನ್ಯಾಗಿನಾಕಿ ಎಂದರ ಚಾ ಕುಡದು ಹೋಗ್ರಿ ಅಂದಾಳೇನು? ರಕ್ತಸಂಬಂಧದವರನ್ನ ದಾರಿ ಕೇಳಿದ್ರ ಹಿಂಗ ಆಗತೈತಿ. ಚಾ ಅಂದದ್ದು ಉಪ್ಪಿಟ್ಟ ಆತು, ಉಪ್ಪಿಟ್ಟ ಶಿರಾ ಆತು. ಮುತ್ತೈದಿ ಕುಬಸಕ್ಕ ಹೊಂಟಾಳ ಅಂತ ಮಾಮಿಗೆ, ಅವ್ವಗ, ನನಗ ಉಡಿ ತುಂಬಿ, ಟೆಂಗು ಕೊಟ್ರು. ಮಾಮಾ ಬಾಗಲದಾಗ ಚಪ್ಪಲಿ ಹಾಕ್ಕೊಂಡ ನಿಂತಿದ್ರು. ಮಾಮಿ ಕುಂತು, "ಶಿರಾಕ್ಕ ಬಾಳಿಹಣ್ಣ ಹಾಕಿ ಏನವ್ವಾ?" ಅಂತ ಸಾವಕಾಶ ಕೇಳಾಕತ್ತಿದ್ಲು. ಹೊರಗ ಬಂದು ನೋಡಿದ್ರ ದಾರಿ ಮ್ಯಾಲೆ ಕಾಲ ಇಡಾಕ ಜಾಗಾ ಇಲ್ಲ. ಬೈಕ್, ಬಸ್ಸು, ಡಬ್ಬಿ ಹಿಡಕೊಂಡ ಮಂದಿ. ಮೊನ್ನಿ ಹುಡುಗ ಬೈಕ್ ಮ್ಯಾಲಿಂದ ಕೈ ಮಾಡಿ, "ಕಾಕಾ, ಸಾಹೇಬರು ಒಪ್ಪಲಿಲ್ಲೇನ್ರಿ?" ಅಂತ ಕೇಳಿ ಹೋದ.

ವಡಗಾವ್ಯಾಗ ಹಸರ ಸೀರಿ ಇಸ್ಕೊಳ್ಳೂದು ಇತ್ತು. ಮಗ್ಗದಿಂದ ಇಳಿಸಿದ ಸೀರಿ, ಜರಿ ಅಂಚಿಂದು, ನಮ್ಮ ಬೀಗರು ಸ್ವತಾ ನಿಂತು ನೇಯಿಸಿದ್ದು. ಅದನ್ನ ಮೊದಲ ತಂದ ಇಟ್ಕೋಬಾರದಾಗಿತ್ತೇನ್ರಿ ಅಂತ ಕೇಳಿದ್ರ, ಹೋಗೂ ದಾರ್ಯಾಗ ಐತಲ್ಲ ಅಂದಿದ್ರು ಮಾಮಾ. ಆ ಸಣ್ಣ ಓಣಿಯೊಳಗ ಗಾಡಿ ಹೊಗಿಸಿದೆ. ಬೀಗರು ಪಟಕಾ ಸುತ್ತಿಕೊಂಡು ತಯಾರ ಆಗಿ ಕುಂತಿದ್ರು. "ಕುಬಸದ ಸೀರಿ ಒಯ್ಯಾಕ ಬಂದು ಬಾಯಿ ಸಿಹಿ ಮಾಡದ ಹೋಗತಾರೇನ್ರಿ?" ಅಂದ್ರು. ಮತ್ತ ಉಪ್ಪಿಟ್ಟು, ಮತ್ತ ಉಡಿ, ಮತ್ತ ಟೆಂಗು. ಹೊರಡಬೇಕು ಅನ್ನೂದ್ರಾಗ ಹಿಂದ ಒಂದು ಟೆಂಪೋ ಬಂದು ನೂಲಿನ ಗಂಟ ಇಳಸಾಕ ನಿಂತಿತು. ಮಾಮಾ ತಾವ ಹೋಗಿ ಹೆಗಲ ಮ್ಯಾಲೆ ನೂಲಿನ ಗಂಟ ಹೊತ್ತು ಇಳಿಸ್ಯಾರ! ಪುಣೆದ ಟ್ರಾಫಿಕ್ ತಪ್ಪಸಾಕ ಹೊಂಟ ಮನಷ್ಯಾ ವಡಗಾವ್ಯಾಗ ಹಮಾಲಿ ಮಾಡಿದ್ದು ನಾ ಕಣ್ಣಾರೆ ನೋಡೀನಿ. ಬೆಳಗಾವಿ ಬಿಡೂ ಹೊತ್ತಿಗೆ ಸಾಲಿ ಹುಡುಗೂರ ಆಟೋ, ಸಿಟಿ ಬಸ್ಸು ಎಲ್ಲಾ ನಮ್ಮ ಮುಂದ ಇದ್ದುವು. ನನ್ನ ಸಾಲಿ ಹುಡುಗೂರು ಕೈ ಮಾಡಿ, "ಟೀಚರ್, ಇವತ್ತ ನೀವು ರಜಾ ಅಲ್ಲೇನ್ರಿ?" ಅಂತ ಕೇಳಿದ್ರು.

ಮುಂದಿಂದು ಏನ ಹೇಳ್ಲಿ? ನಿಪ್ಪಾಣಿ ಅತ್ತಿ ಹಾರ್ನ್ ಕೇಳಿ ದಾರಿ ಖುಲ್ಲಾ ಐತಿ ಅಂತ ಹೇಳಿದಾಕಿ, ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತಿದ್ಲು. ಕೊಲ್ಹಾಪುರದಾಗ ಊಟಕ್ಕ ಎಲಿ ಹಾಕಿದ್ರು. ಸಾತಾರಾದವರು ಊಟಾ ಆಗೇತಿ ಅಂದ್ರ ಕೇಳಲಿಲ್ಲ. ಎಲ್ಲಾ ಮನ್ಯಾಗೂ ಮಾಮಾ ನಿಂತ ಇರ್ತಿದ್ರು, ಮಾಮಿ ಕುಂತ ಇರ್ತಿದ್ಲು. ಗಾಡ್ಯಾಗ ಟೆಂಗಿನಕಾಯಿ, ಉಡಿ ತುಂಬಿದ ಜಂಪರ್ ಅರಿವಿ, ಬಾಳಿಹಣ್ಣ ತುಂಬಿ ಅವ್ವಗ ಕಾಲ ಇಡಾಕ ಜಾಗಾ ಇರಲಿಲ್ಲ. ಗಳಿಗಿಗೊಮ್ಮೆ ಮಾಮಾ ಸೂರ್ಯಾನ್ನ ನೋಡ್ತಿದ್ರು, ಆಮ್ಯಾಲೆ ನನ್ನ ನೋಡ್ತಿದ್ರು. ನಾ ವೇಗಾ ಹೆಚ್ಚಿಸ್ತಿದ್ದೆ.

ಸಾತಾರಾ ದಾಟಿದ ಮ್ಯಾಲೆ ಒಂದು ಇಳುಕಲದಾಗ ಮುಂದಿನ ಟ್ರಕ್ಕಿಂದು ಕೆಂಪ ದೀಪಾ ಹತ್ತಿತು. ನಾ ಬ್ರೇಕ್ ಒತ್ತಿದೆ, ಕಾಲ ಅರ್ಧಕ್ಕ ನಿಂತಿತು. ಬ್ರೇಕಿನ ಬುಡಕ ಏನೋ ಸಿಕ್ಕೈತಿ. ಟೆಂಗಿನಕಾಯಿ! ಹಿಂದಿಂದ ಉಳ್ಳಿಕೋತ ಬಂದು ನನ್ನ ಕಾಲಾಗ ಕುಂತಿತ್ತು. ಟ್ರಕ್ಕು ದೊಡ್ಡದಾಗಿ ಬರಾಕತ್ತಿತು. ಎಡಗಾಲಿಲೆ ಅದನ್ನ ಒದ್ದೆ, ಹೋಗಲಿಲ್ಲ. ಮತ್ತೊಮ್ಮೆ ಒದ್ದೆ, ಸರೀತು. ಎರಡೂ ಕಾಲಿಲೆ ಬ್ರೇಕ್ ತುಳದೆ. ಟ್ರಕ್ಕಿನ ಹಿಂದ ಗೇಣ ಜಾಗಾದಾಗ ಗಾಡಿ ನಿಂತಿತು.

ಗಾಡಿ ಬಾಜೂಕ ತಗೊಂಡು ನಿಲ್ಲಿಸಿದೆ. ಮಾಮಾ ಮೆತ್ತಗ ಅಂದ್ರು. "ನಿನಗೇನರ ಆಗಿದ್ರ ನಿಮ್ಮ ಅವ್ವಗ ನಾ ಏನಂತ ಹೇಳ್ತಿದ್ದೆ?"

ಹಿಂದಿನ ಸೀಟಿನಿಂದ ಅವ್ವ ಅಂದ್ಲು, "ನಾನೂ ಗಾಡ್ಯಾಗ ಅದೀನಲೇ, ತಮ್ಮಾ."

ಅಲ್ಲಿಂದ ಮುಂದ ನಾ ಸಾವಕಾಶ ನಡಸಿದೆ. ಮಾಮಾ ಸೂರ್ಯಾನ್ನ ನೋಡೂದು ಬಿಟ್ರು. ಪುಣೆ ಬಾಗಲಕ್ಕ ಬಂದಾಗ ಸೂರ್ಯಾ ಮುಳಗಾಕತ್ತಿತ್ತು. ಆಫೀಸಿನ ಮಂದೆಲ್ಲಾ ದಾರಿಗೆ ಇಳದಿತ್ತು. ಕಣ್ಣ ಹೋದಷ್ಟ ದೂರ ಕೆಂಪ ದೀಪಾ. ಯಾವ ಜಾಗಾದಾಗ ಮಾಮಾ ಮದಿವಿ ದಿನ ಸಿಕ್ಕೊಂಡಿದ್ರೋ, ಬರೋಬ್ಬರಿ ಅದ ಜಾಗಾ. ಅಳಿಯಾಗ ಫೋನ್ ಹಚ್ಚಿದ್ರು. "ಸಾವಕಾಶ ಬರ್ರಿ ಮಾವಾ, ಏನೂ ಗಡಿಬಿಡಿ ಇಲ್ಲ" ಅಂದ ಅಂವ. ಮಾಮಾ ಫೋನ್ ಇಟ್ಟು, "ಆವತ್ತೂ ಹಿಂಗ ಅಂದಿದ್ದ" ಅಂದ್ರು.

ಆಜೂಬಾಜೂ ಮನಿಗಳಾಗ ದೀಪಾ ಹತ್ತಿದ್ದುವು. ಮಾಮಾ ಡ್ಯಾಶ್‌ಬೋರ್ಡ್ ಹಿಡಕೊಳ್ಳಲಿಲ್ಲ, ಸಿಕ್ಕೊಂಡಿವಿ ಅಂತ ಅನ್ನಲಿಲ್ಲ. ಹಿಂದ ತಿರುಗಿ ಮಾಮಿ ತೊಡಿ ಮ್ಯಾಲಿನ ಹಸರ ಸೀರಿ ತಗೊಂಡ್ರು, ಬಾಗಲಾ ತಗದ್ರು, ಇಳದು ನಡಕೋತ ಹೊಂಟ್ರು. ಬಸ್ಸು, ಟ್ರಕ್ಕಿನ ನಡಕ, ಎದಿಗೆ ಸೀರಿ ಹಿಡಕೊಂಡು, ಬಿಳೇ ಧೋತರದ ಮನಷ್ಯಾ ಒಬ್ಬ. ನಾ ಗಾಡಿ ಅವರ ಹಿಂದ ಹಿಂದ ತಗೊಂಡು ಹೋದೆ. ಮಾಮಿ ಕಿಡಕಿ ಇಳಿಸಿ ಕರದ್ಲು.

"ಏನ್ರೀ, ಬರ್ರಿ ಒಳಗ. ಒಂದ ಮಾತ ಹೇಳೂದೈತಿ, ಕೇಳ್ರಿ."

"ಏನೂ ಹೇಳಬ್ಯಾಡ. ಆಗತೈತಿ ತಗೋರಿ ಅಂತೀ. ಆವತ್ತೂ ಅಂದಿ. ನನ್ನ ಮಗಳು ನನ್ನ ದಾರಿ ಕಾಯಾಕತ್ತಾಳ."

ಮುಂಜಾನಿಂದ ಆರಾಮ ಇದ್ದ ಮಾಮಿ ಕಣ್ಣಾಗ ನೀರ ತಂದ್ಲು. ನನಗೂ ಸಂಕಟಾ ಆತು. ಬೆಳಗಾವಿಯಿಂದ ಹಿಡದು ಮಾಮಾನ ಮ್ಯಾಲೆ ಸಿಟ್ಟ ಮಾಡ್ಕೋತ ಬಂದೀನಿ, ಈಗ ಅವರ ಬೆನ್ನ ನೋಡಾಕ ಆಗಲಿಲ್ಲ. ಟ್ರಾಫಿಕ್ ಸರಿಯೂತನಕಾ ಹಂಗ ನಡದ್ರು. ಆಮ್ಯಾಲೆ ಅವ್ವ ಇಳದು ಹೋಗಿ ರಟ್ಟಿ ಹಿಡದು ಕರಕೊಂಡು ಬಂದು ಕುಂದರಸಿದ್ಲು. ಮಾಮಿ ಮತ್ತ ಬಾಯಿ ತಗದ್ರ ಮಾಮಾ ಕೈ ಅಡ್ಡ ಮಾಡಿ ತಡದ್ರು.

ಶೈಲಾನ ಮನಿ ಮುಟ್ಟಿದಾಗ ಪೂರಾ ಕತ್ತಲಾಗಿತ್ತು. ಬಾಗಲದ ಮುಂದ ಚಪ್ಪಲಿ ಇಲ್ಲ, ಮಂದಿ ಇಲ್ಲ, ಒಳಗಿಂದ ಹಾಡಿಲ್ಲ. ಮಾಮಾ ಪಾವಟಿಗಿ ಮ್ಯಾಲೆ ನಿಂತುಬಿಟ್ರು. "ಮುಗದು ಎಲ್ಲಾರೂ ಮನಿಗೆ ಹೋಗ್ಯಾರ" ಅಂದ್ರು.

ಬಾಗಲಾ ತಗದ್ಲು ಶೈಲಾ. ಹಳೇ ನೈಟಿ, ತುರಬ ಬಿಚ್ಚಿತ್ತು, ಕೈಯಾಗ ಚುರಮರಿ ವಾಟಗಾ. ಹೊಟ್ಟಿ ಮುಂದ ಬಂದಿತ್ತು.

"ಬಂದ್ರ್ಯಾ ಅಪ್ಪಾ?"

ಮಾಮಾ ಸೀರಿ ಮುಂದ ಚಾಚಿದ್ರು. "ತಡಾ ಆತವ್ವಾ. ಈ ಸಲಾನೂ ತಡಾ ಆತು."

"ಎಲ್ಲಿ ತಡಾ ಆಗೇತ್ರಿ? ಕುಬಸ ನಾಳಿ ಐತಿ."

ಮಾಮಾ ಮಗಳನ್ನ ನೋಡಿದ್ರು. ಆಮ್ಯಾಲೆ ಹಿಂದ ತಿರುಗಿ ಮಾಮಿನ್ನ ನೋಡಿದ್ರು. ಮಾಮಿ ಸೆರಗ ಸರಿ ಮಾಡ್ಕೊಂಡು, "ನಾ ಹೇಳಾಕ ಬಂದ್ರ ನೀವೆಲ್ಲಿ ಕೇಳಿದ್ರಿ?" ಅಂದ್ಲು. ಎಲ್ಲಾ ಮನ್ಯಾಗೂ ಆರಾಮ ಕುಂತು ಉಪ್ಪಿಟ್ಟ ತಿಂದದ್ದು ಯಾಕಂತ ನನಗ ಆಗ ತಿಳೀತು. ತಾಯಿ, ಮಗಳು, ಅಳಿಯಾ ಮೂವರೂ ಕೂಡಿ ಮಾಡಿದ ಕೆಲಸಾ.

"ನಿಮಗ ಖರೇ ದಿನಾ ಹೇಳಿದ್ರ ನೀವು ಅದರ ಮರುದಿನ ಬರ್ತಿದ್ರಿ" ಅಂತ ನಕ್ಕಳು ಶೈಲಾ. ನಕ್ಕಾಕಿ ಹಂಗ ಅಳಾಕ ಸುರು ಮಾಡಿದ್ಲು. "ಆವತ್ತ ಅಕ್ಕಿಕಾಳು ಬೀಳೂತನಕಾ ನಾ ಬಾಗಲಾನ ನೋಡಾಕತ್ತಿದ್ದೆ ಅಪ್ಪಾ. ಇರ್ಲಿ ಬಿಡ್ರಿ ಅಂತ ಬಾಯಿಲೆ ಅಂದೆ. ಮತ್ತೊಮ್ಮೆ ಹಂಗ ಬಾಗಲಾ ನೋಡ್ಕೋತ ನಿಲ್ಲಾಕ ನನ್ನ ಕೈಲೆ ಆಗೂದಿಲ್ಲ."

ಮಾಮಾ ಪಾವಟಿಗಿ ಮ್ಯಾಲೆ ಕುಂತು, ಹಸರ ಸೀರಿ ತೊಡಿ ಮ್ಯಾಲೆ ಇಟ್ಕೊಂಡು ಅತ್ರು. ಶೈಲಾ ಬಾಜೂಕ ಕುಂತು ಚುರಮರಿ ವಾಟಗಾ ಅವರ ಕೈಯಾಗ ಕೊಟ್ಲು. ಅಳಕೋತ ತಿಂದ್ರು.

ಮರುದಿನ ಮಾಮಾ ಎಲ್ಲಾರಕಿಂತ ಮೊದಲ ಜಳಕಾ ಮಾಡಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತಿದ್ರು. ಬಾಜೂ ಓಣಿಯೊಳಗಿನ ಬೀಗರು ತಡಾ ಆಗಿ ಬಂದು, ಟ್ರಾಫಿಕ್ ಭಾಳ ಇತ್ತು ಅಂದ್ರು. "ಜರಾ ಮುಂಚೆ ಹೊರಡಬೇಕ್ರಿ" ಅಂತ ಅವರಿಗೆ ಬುದ್ಧಿ ಹೇಳಿದ್ರು ಮಾಮಾ.

ಶೈಲಾ ಹಸರ ಸೀರಿ ಉಟ್ಟು ಕುಂತ್ಲು. ಉಡಿ ತುಂಬಿದ್ರು, ಆರತಿ ಮಾಡಿದ್ರು. ಎಲ್ಲಾರ ಕೈಯಾಗೂ ಅಕ್ಕಿಕಾಳು ಕೊಟ್ರು. ಇನ್ನೇನ ಹಾಕಬೇಕು ಅನ್ನೂದ್ರಾಗ ಶೈಲಾ ಕೈ ಎತ್ತಿ, "ತಡೀರಿ, ನಮ್ಮ ಅಪ್ಪಾ ಎಲ್ಲಿ?" ಅಂದ್ಲು. ಮಾಮಾ ಎಲ್ಲಾರ ಹಿಂದ ಗ್ವಾಡಿಗೆ ಹತ್ತಿ ನಿಂತಿದ್ರು, ಮುಷ್ಟಿ ಬಿಗಿ ಹಿಡದಿದ್ರು.

"ಇಲ್ಲೇ ಅದೀನವ್ವಾ."

"ಮೊದಲ ನೀವು ಬರ್ರಿ. ಎಲ್ಲಾರೂ ನಿಮ್ಮ ಸಲುವಾಗಿ ನಿಂತಾರ."

ಮಂದಿ ಎರಡೂ ಬಾಜೂಕ ಸರದು ದಾರಿ ಬಿಟ್ಟಿತು. ಅಕ್ಕಿಕಾಳು ಹಿಡಕೊಂಡು ಎಲ್ಲಾರೂ ಕಾಯ್ಕೋತ ನಿಂತ್ರು. ಮಾಮಾ ಮಗಳ ಕಡೆ ನಡಕೋತ ಹೋದ್ರು, ಭಾಳ ಸಾವಕಾಶ, ಒಂದೀಟೂ ಗಡಿಬಿಡಿ ಇಲ್ಲದ.